ಬಿಂದಿಗೆಯಲ್ಲಿ ಬಂದ ಮೀನು

ಪೂರಿಗಾಲಿ
18-11-1973

ಬೆಸಗರಹಳ್ಳಿಯಲ್ಲಿ ಸಂಸಾರ ಮಾಡಿಕೊಂಡಿರುವ ಮಗಳು ಹೊಂಬಾಳಮ್ಮನಿಗೆ ಅಪ್ಪ ಕರಿಯಯ್ಯ ಹೇಳಿ, ಚಿಕ್ಕಮಾದು ಬರೆದ ಕಾಗದ.

ನಿಮ್ಮವ್ವನ ಮಂಡಿನೋವು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಕೆರೆ ಏರಿ ಮೇಲೆ ನನ್ನ ಪಕ್ಕದಲ್ಲೇ ಬಲೆ ಮಡಿಚಿಕೊಂಡು ಕೂತಿದ್ದಾನೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ನನ್ನ ನಾಲ್ಕನೇ ಕ್ಲಾಸಿನ ಬುದ್ಧಿಯನ್ನು ನಡುವೆ ತೂರಿಸಬಾರದಂತೆ. ಮೂವತ್ತು ವರ್ಷದಿಂದ ಒಂದೇ ಬಲೆಯ ಎರಡು ತುದಿ ಹಿಡಿದಿದ್ದೇವೆ, ಇವತ್ತಿಗೂ ನನ್ನ ಮೇಲೆ ನಂಬಿಕೆ ಇಲ್ಲ.

ಮುಂದಿನ ತಿಂಗಳು ಹುಣ್ಣಿಮೆ ಕಳೆದ ಮೇಲೆ ಬಂದು ನಿನ್ನನ್ನು ಹೆರಿಗೆಗೆ ಕರೆದುಕೊಂಡು ಬರುತ್ತಾನೆ. ನಿಮ್ಮ ಅತ್ತೆ ಮಾವನಿಗೆ ಹೇಳಿರು. ಅವ್ವ ಹಳೇ ಸೀರೆಗಳನ್ನೆಲ್ಲ ಒಗೆದು ಇಟ್ಟಿದ್ದಾಳೆ.

ಅವನಿಗೆ ಇರುವ ಯೋಚನೆ ಒಂದೇ. ಬಾಣಂತಿಗೆ ಕೊರವ ಮೀನಿನ ಸಾರು ಬೇಕು. ನೀನು ಹುಟ್ಟಿದಾಗ ನಮ್ಮೂರ ದೊಡ್ಡಮ್ಮನ ಕೆರೆಯಲ್ಲಿ ಮೊಣಕೈ ಉದ್ದದ ಕೊರವ ಹಿಡಿದು ತಂದು ನಿಮ್ಮವ್ವನಿಗೆ ಕುಡಿಸಿದ್ದನಂತೆ, ಮೂರೇ ದಿನದಲ್ಲಿ ಎದೆ ತುಂಬ ಹಾಲು ಇಳಿಯಿತಂತೆ. ಈಗ ಎರಡು ತಿಂಗಳಿಂದ ಒಂದು ಕೊರವವೂ ಬಲೆಗೆ ಬಿದ್ದಿಲ್ಲ. ಪಕ್ಕೆ ಮೀನೂ ಕಮ್ಮಿಯಾಗಿದೆ. ಬರೀ ಜಿಲೇಬಿ ಮೀನು. ಮೂರು ಬೆರಳು ಉದ್ದ, ಮೈ ತುಂಬ ಮುಳ್ಳು. ಅಷ್ಟರಲ್ಲೇ ಮೊಟ್ಟೆ ಇಡುತ್ತೆ, ಅದರ ಮರಿಯೂ ಮೂರು ಬೆರಳಿಗೇ ನಿಲ್ಲುತ್ತೆ. ಸಂತೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ನಿಮ್ಮಪ್ಪ ಹೇಳಿದ್ದು: “ಬಲೆ ತುಂಬ್ತದೆ ಕಣವ್ವ, ಗಡಿಗೆ ತುಂಬಕಿಲ್ಲ. ಈ ಶನಿ ತಾನಾಗೆ ಬಂದಿಲ್ಲ. ಯಾವನೋ ತಂದು ಬುಟ್ಟವ್ನೆ. ಸಿಕ್ಲಿ ನನ್ ಕೈಗೆ.”

ಇಷ್ಟು ಹೇಳಿ ಎಲೆಅಡಿಕೆ ತರುವುದಕ್ಕೆ ಎದ್ದು ಹೋದ. ಹಾಗಾಗಿ ಇದು ನಾನಾಗಿ ಬರೆಯುತ್ತಿರುವ ಸಾಲು. ಅವನ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡ ಕೂಸೆ. ಹೊಟ್ಟೆಯಲ್ಲಿ ಮಗು ಇರುವಾಗ ಕೆರೆಯ ಚಿಂತೆ ನಿನಗೆ ಬೇಡ.

ಇಂತಿ,
ಅಪ್ಪ ಕರಿಯಯ್ಯನ ಹೆಬ್ಬೆಟ್ಟು
ಬರೆದವನು ಚಿಕ್ಕಮಾದು


ಬೆಸಗರಹಳ್ಳಿ
2-6-1974

ಅಪ್ಪ, ಅವ್ವ ಮತ್ತು ಮಾದು ಚಿಕ್ಕಪ್ಪನವರಿಗೆ ಹೊಂಬಾಳಮ್ಮ ಮಾಡುವ ನಮಸ್ಕಾರಗಳು.

ನಾನೂ ಮಗುವೂ ಸುಖವಾಗಿ ಬಂದು ಸೇರಿದೆವು. ಬಸ್ಸಿನಲ್ಲಿ ಅವನು ಅಳಲಿಲ್ಲ. ಇಲ್ಲಿ ಅತ್ತೆ ಮಗುವನ್ನು ನೋಡಿ, ಹಣೆ ಎಲ್ಲ ತಾಯಿ ಮನೆಯದು, ಮೂಗು ಮಾತ್ರ ನಮ್ಮದು ಅಂದರು. ಮೂಗಾದರೂ ಸಿಕ್ಕಿತಲ್ಲ ಎಂದು ನಮ್ಮ ಮನೆಯವರು ನಕ್ಕರು. ಅವ್ವ ಕಟ್ಟಿಕೊಟ್ಟ ಕೊಬ್ಬರಿ ಬೆಲ್ಲದ ಉಂಡೆ ಇನ್ನೂ ಇದೆ. ಅಪ್ಪ ಕೆಮ್ಮಿಗೆ ಶುಂಠಿ ಕಷಾಯ ಬಿಡದೆ ಕುಡಿಯಲಿ.

ಚಿಕ್ಕಪ್ಪ, ಇಷ್ಟನ್ನು ಅಪ್ಪನಿಗೆ ಓದಿ ಹೇಳಿ. ಇಲ್ಲಿಂದ ಕೆಳಗೆ ಓದಬೇಡಿ.

ಬಾಣಂತನದ ನಲವತ್ತು ದಿನವೂ ಅಪ್ಪ ಬೆಳಿಗ್ಗೆ ಎದ್ದು ಕೆರೆಗೆ ಹೋಗುತ್ತಿದ್ದರು. ನಾನು ಕೋಣೆಯೊಳಗೆ ಮಲಗಿ ಅವರ ಹೆಜ್ಜೆ ಕೇಳುತ್ತಿದ್ದೆ. ಹಿಂದಕ್ಕೆ ಬಂದಾಗ ಬಲೆಯನ್ನು ಗೂಟಕ್ಕೆ ನೇತು ಹಾಕುವ ಸದ್ದು. ಕೊನೆಗೆ ಒಂದು ದಿನ ಬಾಗಿಲ ಹತ್ತಿರ ನಿಂತು, “ಕೊರವ ಸಿಗ್ನಿಲ್ಲ ಕಣವ್ವ” ಅಂದರು. ನನ್ನ ಹತ್ತಿರ ತಪ್ಪು ಒಪ್ಪಿಕೊಂಡ ಹಾಗೆ ಅಂದರು. ಆಗ ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಆ ಮೀನು ಬಿಟ್ಟವಳು ನಾನು ಚಿಕ್ಕಪ್ಪ.

ಮದುವೆಯಾಗಿ ಮೊದಲ ಸಲ ತವರಿಗೆ ಹೊರಟಾಗ ಮಾವ ಹಿತ್ತಾಳೆ ಬಿಂದಿಗೆಗೆ ನೀರು ತುಂಬಿ ಹನ್ನೊಂದು ಜಿಲೇಬಿ ಬಿಟ್ಟು ಕೊಟ್ಟರು. ಬೀಗರಿಗೆ ಜೀವ ಇರುವ ಮೀನಿನ ಸಾರೇ ಆಗಬೇಕು ಎಂದು ಅವರ ಆಸೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರು ಬಸ್ಸು ಬದಲಾಯಿಸಿದೆ. ಮದ್ದೂರು ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ನೀರು ಬದಲಾಯಿಸಿದೆ. ಕಂಡಕ್ಟರು, “ಏನವ್ವ, ಗಂಡನ್ ಮನೆ ಕಣ್ಣೀರ ಬಿಂದಿಗೆಲಿ ತುಂಬ್ಕೊಂಡು ಓಯ್ತಿದ್ದೀಯಾ” ಅಂತ ಬಸ್ಸಿನವರನ್ನೆಲ್ಲ ನಗಿಸಿದ. ಮಳವಳ್ಳಿ ಬರುವ ಹೊತ್ತಿಗೆ ಎರಡು ಸತ್ತಿದ್ದವು. ಉಳಿದ ಒಂಬತ್ತು ಆಡುತ್ತಿದ್ದವು. ಆ ವರ್ಷ ಅಪ್ಪನ ಬಲೆಗೆ ಏನೂ ಬೀಳುತ್ತಿರಲಿಲ್ಲ, ನಿಮಗೇ ಗೊತ್ತಲ್ಲ. ಈ ಮೀನು ಬೇಗ ಬೇಗ ಮರಿ ಹಾಕುತ್ತೆ, ಎಷ್ಟು ಹಿಡಿದರೂ ಮುಗಿಯುವುದಿಲ್ಲ ಎಂದು ಮಾವ ಹೇಳಿದ್ದರು. ಏರಿ ಹತ್ತಿರ ಬಸ್ಸಿಳಿದವಳೇ ಒಗೆಯುವ ಕಲ್ಲಿನ ಬಳಿ ಬಿಂದಿಗೆ ಬಗ್ಗಿಸಿಬಿಟ್ಟೆ. ಒಂದು ದಿನ ಅಪ್ಪನ ಬಲೆ ಎತ್ತಲಾರದಷ್ಟು ಭಾರ ಆಗುತ್ತೆ, ಆಗ ಹೇಳಿ ಬೆರಗು ಮಾಡೋಣ ಅಂದುಕೊಂಡಿದ್ದೆ. ಮಾವ ಕೇಳಿದಾಗ ಸಾರು ಚೆನ್ನಾಗಿತ್ತು ಅಂದೆ.

ಆವತ್ತು ಆಚೆ ದಡದಲ್ಲಿ ಯಾರೋ ಬಲೆ ಜಾಲಿಸುತ್ತಿದ್ದರು. ಅದು ನೀವಾ?

ಇಂತಿ ನಿಮ್ಮ ಮಗಳು
ಹೊಂಬಾಳಮ್ಮ, ಬೆಸಗರಹಳ್ಳಿ


ಪೂರಿಗಾಲಿ
20-6-1974

ಹೊಂಬಾಳಮ್ಮನಿಗೆ ಚಿಕ್ಕಮಾದು ಬರೆಯುವುದು. ಈ ಕಾಗದ ನನ್ನದೇ, ನಿಮ್ಮಪ್ಪನಿಗೆ ಗೊತ್ತಿಲ್ಲ.

ನಾನೇ. ನೀನು ಕೆಂಪು ಸೀರೆ ಉಟ್ಟುಕೊಂಡು ಬಗ್ಗಿದ್ದೆ. ಹೊಸ ಮದುವಣಗಿತ್ತಿ ಬಿಂದಿಗೆ ತೊಳೆಯುತ್ತಿದ್ದಾಳೆ ಅಂದುಕೊಂಡೆ. ಹತ್ತು ತಿಂಗಳಾದ ಮೇಲೆ ಬಲೆಯಲ್ಲಿ ಮೊದಲ ಜಿಲೇಬಿ ಬಂದಾಗ ಅರ್ಥವಾಯಿತು. ಬಂದದ್ದು ಒಳ್ಳೆಯದೇ ಅಂದುಕೊಂಡು ನಾನೂ ಸುಮ್ಮನಾದೆ. ನಿಮ್ಮಪ್ಪನೂ ಆವತ್ತು ಕುಣಿದಾಡಿದ್ದ, ಅದನ್ನು ಈಗ ಮರೆತಿದ್ದಾನೆ.

ಹೋದ ವಾರ ಮೀನುಗಾರಿಕೆ ಇಲಾಖೆಯ ಜೀಪು ಬಂದಿತ್ತು. ಪಾರ್ಥಸಾರಥಿ ಅಂತ ಇನ್ಸ್‌ಪೆಕ್ಟರು. ಮೀನು ತಿನ್ನದ ಜನ, ಆದರೆ ಮೀನಿನ ಹೊಟ್ಟೆಯೊಳಗೆ ಏನಿದೆ ಎಂದು ನಮಗಿಂತ ಚೆನ್ನಾಗಿ ಬಲ್ಲರು. ನಮ್ಮ ಮೀನುಗಾರರ ಸಂಘಕ್ಕೆ ಕಾಟ್ಲ, ರೋಹು ಮರಿ ಕೊಡುತ್ತಾರಂತೆ. ಎರಡು ವರ್ಷಕ್ಕೆ ಒಂದೊಂದು ಎರಡು ಸೇರು ತೂಗುತ್ತವಂತೆ. ಆದರೆ ಜಿಲೇಬಿ ಇರುವ ಕೆರೆಗೆ ಮರಿ ಬಿಡುವುದಿಲ್ಲವಂತೆ. ಬೇರೆ ಮೀನಿಗೆ ಅದು ಮೇವನ್ನೂ ಬಿಡದು, ಜಾಗವನ್ನೂ ಬಿಡದು. ಬೇಸಿಗೆಯಲ್ಲಿ ತೂಬು ಬಿಟ್ಟು ನೀರು ಇಳಿಸಿ, ಹಿಡಿದಷ್ಟು ಹಿಡಿದು, ಉಳಿದ ನೀರಿಗೆ ಹಿಪ್ಪೆ ಹಿಂಡಿ ಕದಡಬೇಕಂತೆ. ಎಣ್ಣೆ ತೆಗೆದ ಹಿಪ್ಪೆಕಾಯಿ ಹಿಂಡಿ ನಮಗೇನು ಹೊಸದಲ್ಲ. ಗಾಣದ ಪಕ್ಕದ ಕುಂಟೆಗೆ ಬಿದ್ದರೆ ಮೀನು ಬೆಳ್ಳಗೆ ತೇಲುವುದನ್ನು ನೋಡಿದ್ದೇವೆ. ಅದು ಇಂಥ ಮೀನು ಅಂಥ ಮೀನು ಎಂದು ನೋಡುವುದಿಲ್ಲ. ಎಲ್ಲ ಹೋಗುತ್ತೆ. ಇಪ್ಪತ್ತು ದಿನಕ್ಕೆ ವಿಷ ಇಳಿದು ಗೊಬ್ಬರವಾಗುತ್ತೆ, ಆಮೇಲೆ ಹೊಸ ನೀರು, ಹೊಸ ಮರಿ.

ಅವರೇ ಇನ್ನೊಂದು ಹೇಳಿದರು. ತಾಯಿ ಜಿಲೇಬಿ ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಂತೆ. ಮರಿ ಈಜುವ ತನಕ ಬಾಯಿ ಬಿಡುವುದಿಲ್ಲ, ಮೇಯುವುದೂ ಇಲ್ಲ. ನಿನ್ನ ನೆನಪು ಬಂತು.

ಅಪ್ಪನಿಗೆ ಹೇಳಲಾ ಎಂದು ಕೇಳುತ್ತೀಯ, ನೀನು ಬರೆಯದಿದ್ದರೂ ನನಗೆ ಕೇಳಿಸುತ್ತೆ. ಬೇಡ. ಗೊತ್ತಾದರೆ ಬಲೆಯ ಜನ ನಿಮ್ಮ ಮಾವನ ಮನೆ ಬಾಗಿಲಿಗೆ ಹೋಗುತ್ತಾರೆ. ಕೊಟ್ಟ ಉಡುಗೊರೆಗೆ ಬೈಸಿಕೊಂಡ ಬೀಗರು ನಿನ್ನನ್ನು ಹೇಗೆ ನೋಡಿಕೊಂಡಾರು. ಕೆರೆ ತೊಳೆದು ಹೋಗುತ್ತೆ, ಇದೂ ತೊಳೆದು ಹೋಗುತ್ತೆ. ನಿನ್ನ ಕಾಗದದ ಕೆಳಗಿನ ಅರ್ಧ ಕತ್ತರಿಸಿ ಒಲೆಗೆ ಹಾಕಿದ್ದೇನೆ. ಮೇಲಿನ ಅರ್ಧ ಇಟ್ಟುಕೊಂಡಿದ್ದೇನೆ, ಅದರಲ್ಲಿ ಮಗುವಿನ ಮೂಗಿನ ವಿಚಾರ ಇದೆ.

ಇಂತಿ,
ಚಿಕ್ಕಮಾದು


ಪೂರಿಗಾಲಿ
9-2-1975

ಚಿ. ಸೌ. ಹೊಂಬಾಳಮ್ಮನಿಗೆ ಕಸ್ತೂರಿರಂಗ ಮೇಷ್ಟ್ರ ಆಶೀರ್ವಾದಗಳು.

ಏಳನೇ ತರಗತಿಯಲ್ಲಿ ನಿನಗೆ ಕಾಗುಣಿತ ತಿದ್ದಿದವನ ಅಕ್ಷರ ನಿನಗೆ ಗುರುತು ಸಿಕ್ಕೀತು. ಇನ್ನು ಮುಂದೆ ನಿನ್ನ ತಂದೆಯ ಕಾಗದಗಳನ್ನು ನಾನೇ ಬರೆಯಬೇಕಾಗಿದೆ, ನೀನು ಬರೆದದ್ದನ್ನು ನಾನೇ ಓದಬೇಕಾಗಿದೆ. ಕಾರಣವನ್ನೂ ಬರೆಯಲು ಹೇಳಿದ್ದಾರೆ.

ಬೇಸಿಗೆಗೆ ಕೆರೆಗೆ ಹಿಂಡಿ ಹಾಕುವುದು ನಿಶ್ಚಯವಾಯಿತು. ಇಷ್ಟೆಲ್ಲ ಮಾಡಿ ಮತ್ತೆ ಯಾರಾದರೂ ಜಿಲೇಬಿ ತಂದು ಬಿಟ್ಟರೆ ಏನು ಗತಿ ಎಂದು ಇನ್ಸ್‌ಪೆಕ್ಟರು ಕೇಳಿದರಂತೆ. ಅದಕ್ಕೆ ಮೀನು ಹಿಡಿಯುವವರೆಲ್ಲ ಸೇರಿ ಏರಿ ಮೇಲಿನ ಗಂಗಮ್ಮನ ಗುಡಿಯಲ್ಲಿ ಆಣೆ ಮಾಡುವುದೆಂದು ತೀರ್ಮಾನಿಸಿದರು. ನಿಮ್ಮವರ ಆಣೆಯಲ್ಲಿ ಎರಡು ಮಾತು ಇರುತ್ತದಲ್ಲ. ನಾನು ಮಾಡಿಲ್ಲ ಎನ್ನುವುದು ಒಂದು. ಮಾಡಿದವರನ್ನು ನಾನು ಅರಿಯೆ ಎನ್ನುವುದು ಇನ್ನೊಂದು. ದೇವಿಯ ಕಲ್ಲಿನ ಮೇಲೆ ಒದ್ದೆ ಕೈ ಇಟ್ಟು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಹದಿನಾಲ್ಕು ಜನ ಹೇಳಿದರು. ಚಿಕ್ಕಮಾದು ಕೈ ಇಟ್ಟ, ಮೊದಲ ಮಾತು ಹೇಳಿದ, ಅಲ್ಲಿಗೆ ನಿಲ್ಲಿಸಿದ. ಎರಡನೆಯದು ಬಾಯಿಂದ ಹೊರಡಲಿಲ್ಲ. ಅರ್ಧ ಆಣೆ ಮಾಡಿದವನು ಪೂರ್ತಿ ಕಳ್ಳ ಎನ್ನುವುದು ಅಲ್ಲಿದ್ದವರ ಲೆಕ್ಕ.

ನಿನ್ನ ತಂದೆ ಅವನ ಎದುರು ನಿಂತು, “ಯೋಳ್ಲಾ. ನೀ ಅಲ್ದಿದ್ರೆ ಯಾರು ಅಂತ ಯೋಳ್ಲಾ” ಎಂದು ಮೂರು ಸಲ ಕೇಳಿದರು. ಅವನು ಕೆರೆಯ ಕಡೆ ನೋಡುತ್ತಿದ್ದನಂತೆ. ಕೊನೆಗೆ ಇಷ್ಟೇ ಅಂದ: “ನಂದೇ ಅನ್ಕೊ ಬುಡು ಕರಿಯ.”

ಅವನನ್ನು ಬಲೆಯಿಂದ ಹೊರಗಿಟ್ಟಿದ್ದಾರೆ. ಪಾಲು ಇಲ್ಲ, ಮಾತು ಇಲ್ಲ. ನಿನ್ನ ತಂದೆಯೂ ಅದೇ ಕಲ್ಲಿನ ಮೇಲೆ ಕೈ ಇಟ್ಟು, ಕೆರೆ ಕೆಡಿಸಿದವರ ಕೈಯಿಂದ ಈ ಜನ್ಮದಲ್ಲಿ ಒಂದು ಗುಟುಕು ನೀರೂ ಮುಟ್ಟುವುದಿಲ್ಲ ಎಂದು ಹೇಳಿ ಬಂದಿದ್ದಾರೆ.

ಇದನ್ನು ಬರೆಸುವಾಗ ಅವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಇಂತಿ,
ತಂದೆ ಕರಿಯಯ್ಯನವರ ಹೆಬ್ಬೆಟ್ಟು
ಬರೆದವರು ಕಸ್ತೂರಿರಂಗ


ಬೆಸಗರಹಳ್ಳಿ
23-2-1975

ಅಪ್ಪನವರಿಗೆ ಹೊಂಬಾಳಮ್ಮ ಮಾಡುವ ನಮಸ್ಕಾರ. ಓದುವ ಮೇಷ್ಟ್ರಿಗೂ ನಮಸ್ಕಾರ.

ಮಗುವಿಗೆ ಎರಡು ಹಲ್ಲು ಬಂದಿವೆ. ಗೋಡೆ ಹಿಡಿದು ನಿಲ್ಲುತ್ತಾನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ಅಪ್ಪ, ಮಾದು ಚಿಕ್ಕಪ್ಪನನ್ನು ಬಿಡಬೇಡಿ. ಅವರು ಹಾಗೆ ಮಾಡುವವರಲ್ಲ. ನಾನು ಸಣ್ಣವಳಿದ್ದಾಗ ಮಡುವಿಗೆ ಬಿದ್ದವಳನ್ನು ಜುಟ್ಟು ಹಿಡಿದು ಎತ್ತಿದವರು ಅವರು. ಅವರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಬಲೆ ಬಿಟ್ಟರೆ ಅವರಿಗೆ ಯಾರಿದ್ದಾರೆ.

ಮೇಷ್ಟ್ರೇ, ಇಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಅದನ್ನು ಬೆಳಕಿಗೆ ಹಿಡಿದು ಓದಬೇಡಿ.

ಇಂತಿ,
ಹೊಂಬಾಳಮ್ಮ


ಮದ್ದೂರು ಹತ್ತಿರದ ಆಲೆಮನೆ
21-4-1975

ಹೊಂಬಾಳಮ್ಮನಿಗೆ ಚಿಕ್ಕಮಾದು ಬರೆಯುವುದು.

ವಿಳಾಸ ನೋಡಿ ಗಾಬರಿಯಾಗಬೇಡ. ಊರಿನಲ್ಲಿ ಸುಮ್ಮನೆ ಕೂತು ಉಣ್ಣುವುದು ಆಗಲಿಲ್ಲ. ಇಲ್ಲಿ ಶಿಂಷಾ ಹೊಳೆಯ ಪಕ್ಕ ಒಂದು ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸ. ನಿಮ್ಮೂರು ಇಲ್ಲಿಂದ ನಾಲ್ಕೇ ಮೈಲಿ. ಒಂದು ದಿನ ಬೆಲ್ಲದ ಗಾಡಿ ಜೊತೆ ಬಂದಿದ್ದೆ. ನೀನು ಬಾವಿ ಹತ್ತಿರ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದೆ. ಕೂಗಲಿಲ್ಲ. ಮೂಗು ನಿಮ್ಮ ಮಾವನದೇ, ನಿಜ.

ಈಗ ಮುಖ್ಯವಾದ ಮಾತು. ನಾನು ಊರು ಬಿಡುವ ಮೊದಲು ಕೆರೆ ನೀರು ಮೊಣಕಾಲಿಗೆ ಇಳಿದಿತ್ತು. ಹಿಂಡಿ ಮೂಟೆಗಳು ಏರಿ ಮೇಲೆ ಬಂದು ಬಿದ್ದಿದ್ದವು. ಹಾಕುವ ಹಿಂದಿನ ದಿನ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಹೋದಾಗ ನಾನು ಜೊಂಡಿನ ಕಡೆ ಇಳಿದೆ. ನಿಮ್ಮಪ್ಪ ಕೊರವ ಇಲ್ಲ ಎನ್ನುತ್ತಾನೆ. ಇದ್ದವು ಕಣೆ. ಜಿಲೇಬಿಯ ಕಾಟಕ್ಕೆ ಜೊಂಡಿನ ಬೇರಿನೊಳಗೆ ಕೆಸರು ಹೊಕ್ಕು ಕೂತಿದ್ದವು. ಎರಡು ಗಂಟೆ ಕೈಯಲ್ಲೇ ತಡಕಿ ಮೂರನ್ನು ಹಿಡಿದೆ. ಒದ್ದೆ ಗೋಣಿಯಲ್ಲಿ ಸುತ್ತಿ ಗಂಗಮ್ಮನ ಗುಡಿ ಹಿಂದಿನ ಕಲ್ಲುಬಾವಿಗೆ ಬಿಟ್ಟಿದ್ದೇನೆ. ಬಾವಿಯಲ್ಲಿ ಕಪ್ಪೆಮರಿ ಬೇಕಾದಷ್ಟಿವೆ, ಬದುಕುತ್ತವೆ.

ಮಾರನೆಯ ದಿನ ದೂರದ ಹಿಪ್ಪೆಮರದ ಕೆಳಗೆ ನಿಂತು ನೋಡಿದೆ. ಹಿಂಡಿ ಕದಡಿದ ಒಂದು ಗಳಿಗೆಗೆ ಜಿಲೇಬಿಯೆಲ್ಲ ಮೇಲೆ ಬಂದು ಗಾಳಿಗೆ ಬಾಯಿ ಬಿಡತೊಡಗಿದವು. ಕೆರೆ ಪೂರ್ತಿ ಬಾಯಿಯೇ. ಆಮೇಲೆ ಒಂದೊಂದಾಗಿ ಪಕ್ಕಕ್ಕೆ ವಾಲಿದವು. ಅವುಗಳ ನಡುವೆ ಒಂದೆರಡು ಹಾವುಮೀನು, ಪಕ್ಕೆ, ನಮ್ಮವೂ ತೇಲಿದವು. ನಿಮ್ಮಪ್ಪ ನೀರಿನಲ್ಲಿ ನಿಂತಿದ್ದ, ಏನನ್ನೂ ಎತ್ತಿಕೊಳ್ಳಲಿಲ್ಲ.

ಮಳೆ ಬಿದ್ದು ಕೆರೆಗೆ ನೀರು ಬಂದ ಮೇಲೆ ಆ ಮೂರನ್ನು ಕೆರೆಗೆ ಬಿಡಬೇಕು. ನಾನು ಹೇಳಿದರೆ ಅವನು ಕೇಳುವುದಿಲ್ಲ. ನೀನು ಹೇಳು. ಹೇಗೆ ಹೇಳುತ್ತೀಯೋ ಗೊತ್ತಿಲ್ಲ, ಇನ್ನೊಂದನ್ನು ಮಾತ್ರ ಹೇಳಬೇಡ. ಹೊಗೆಗೆ ಸ್ವಲ್ಪ ಕೆಮ್ಮು ಬಂದಿದೆ, ಹೆಚ್ಚು ಬರೆಯಲಾರೆ.

ಇಂತಿ,
ಚಿಕ್ಕಮಾದು


ಬೆಸಗರಹಳ್ಳಿ
10-5-1975

ಮಾದು ಚಿಕ್ಕಪ್ಪನವರಿಗೆ ಹೊಂಬಾಳಮ್ಮನ ನಮಸ್ಕಾರ.

ನಿಮ್ಮ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ನಾಲ್ಕು ಮೈಲಿ ನಡೆದು ಬಂದುಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ. ಮಗುವಿಗೆ ಮೈ ಬಿಸಿಯಾಗಿತ್ತು. ಅದು ಇಳಿಯುವ ಹೊತ್ತಿಗೆ ಅತ್ತೆ ಮಲಗಿದರು. ಮುಂದಿನ ಗುರುವಾರ ಖಂಡಿತ ಬರುತ್ತೇನೆ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತೇನೆ. ಕೆಮ್ಮಿಗೆ ಮೆಣಸು ಜೀರಿಗೆ ಪುಡಿ ಮಾಡಿ ಇಟ್ಟಿದ್ದೇನೆ.

ಇಲ್ಲಿಂದ ಕೆಳಗೆ ನಿಮಗೆ ಮಾತ್ರ.

ಕೊರವದ ವಿಚಾರ ಹೇಳಿದರೆ ಅಪ್ಪ ಕೇಳುತ್ತಾರೆ, ಕೆರೆ ಕೆಡಿಸಿದವನು ಕೊರವ ಯಾಕೆ ಉಳಿಸಿದ ಎಂದು. ಆಗ ಎಲ್ಲವನ್ನೂ ಹೇಳಬೇಕು. ಹೇಳಿದ ಮೇಲೆ ನನ್ನ ಕೈಯ ನೀರು ಅವರಿಗೆ ಇಲ್ಲ. ತವರಿಗೆ ಹೋಗಿ ಅಪ್ಪನಿಗೆ ಒಂದು ಲೋಟ ನೀರು ಕೊಡಲಾಗದ ಮಗಳು ಯಾವ ಮಗಳು ಚಿಕ್ಕಪ್ಪ. ಮಳೆ ಬರಲಿ, ಅಷ್ಟರಲ್ಲಿ ಧೈರ್ಯ ಬಂದೀತು. ಅಲ್ಲಿಯ ತನಕ ನೀವು ತಡೆದುಕೊಳ್ಳಿ.

ಇಂತಿ,
ಹೊಂಬಾಳಮ್ಮ, ಬೆಸಗರಹಳ್ಳಿ


ಬೆಸಗರಹಳ್ಳಿ
24-7-1975

ಅಪ್ಪನವರಿಗೆ ಹೊಂಬಾಳಮ್ಮ ಮಾಡುವ ನಮಸ್ಕಾರ.

ಮೇಷ್ಟ್ರೇ, ಈ ಕಾಗದವನ್ನು ಮನೆಯಲ್ಲಿ ಓದಬೇಡಿ. ಗಂಗಮ್ಮನ ಗುಡಿ ಮುಂದೆ ಬಲೆಯ ಹದಿನಾಲ್ಕು ಜನರನ್ನೂ ಕೂರಿಸಿ ಗಟ್ಟಿಯಾಗಿ ಓದಿ. ನಾನು ಯಾವ ಸಾಲನ್ನೂ ಹೊಡೆದು ಹಾಕಿಲ್ಲ.

ಕೆರೆಗೆ ಜಿಲೇಬಿ ಬಿಟ್ಟವಳು ಕರಿಯಯ್ಯನ ಮಗಳು ಹೊಂಬಾಳಮ್ಮ. ಮದುವೆಯಾಗಿ ಮೊದಲ ಸಲ ಬಂದಾಗ, ಒಗೆಯುವ ಕಲ್ಲಿನ ಹತ್ತಿರ, ಒಂಬತ್ತು ಮೀನು. ಮೀನು ಕೊಟ್ಟವರು ನಮ್ಮ ಮಾವ, ಸಾರಿಗೆ ಎಂದು ಕೊಟ್ಟದ್ದು, ಅವರ ತಪ್ಪು ಏನೂ ಇಲ್ಲ. ಕೆರೆಗೆ ಬಿಡು ಎಂದು ಯಾರೂ ಹೇಳಿಕೊಡಲಿಲ್ಲ. ಅಪ್ಪನ ಬಲೆ ಬರಿದಾಗಬಾರದು ಎಂದು ಬಿಟ್ಟೆ. ಚಿಕ್ಕಮಾದು ಚಿಕ್ಕಪ್ಪ ಆಚೆ ದಡದಿಂದ ನೋಡಿದ್ದರು. ಅರಿಯೆ ಎಂದು ದೇವಿಯ ಮುಂದೆ ಸುಳ್ಳು ಹೇಳಲಾರದೆ, ನನ್ನ ಹೆಸರನ್ನೂ ಹೇಳಲಾರದೆ ಅರ್ಧ ಆಣೆಗೆ ನಿಂತರು. ಅವರು ಕಳ್ಳರಲ್ಲ.

ಇದನ್ನು ಅವರು ಬದುಕಿರುವಾಗ ಬರೆಯಬೇಕಿತ್ತು.

ಅಪ್ಪ, ಚಿಕ್ಕಪ್ಪ ಹೋಗಿಬಿಟ್ಟರು. ಗುರುವಾರ ಬರುತ್ತೇನೆ ಎಂದು ಮೇ ತಿಂಗಳಲ್ಲಿ ಬರೆದವಳು ಎಂಟು ಗುರುವಾರ ಕಳೆದ ಮೇಲೆ ಹೋದೆ. ರೊಟ್ಟಿ ಗಂಟು ಕಂಕುಳಲ್ಲಿತ್ತು, ಮಗು ಸೊಂಟದಲ್ಲಿತ್ತು. ಆಲೆಮನೆಯಲ್ಲಿ ಬೆಲ್ಲ ತಿರುವುವವನು ಕೈ ನಿಲ್ಲಿಸದೆಯೇ, “ಮೀನ್ ಮಾದನಾ? ಅವ್ನು ತೀರ್ಕೊಂಡು ಒಂಬತ್ತು ದಿನ ಆಯ್ತಲ್ಲವ್ವ” ಅಂದ. ಕೆಮ್ಮಿನಲ್ಲಿ ರಕ್ತ ಬರುತ್ತಿತ್ತಂತೆ. ಊರು ಯಾವುದೆಂದು ಕೇಳಿದರೆ ಕೆರೆ ಕಡೆಯವನು ಅನ್ನುತ್ತಿದ್ದರಂತೆ, ಅಷ್ಟೇ. ಹೊಳೆಯ ದಡದಲ್ಲಿ ಮಣ್ಣು ಮಾಡಿದ್ದಾರೆ. ಜಾಗ ತೋರಿಸಿದ. ಒಂದು ಕಲ್ಲು ಇಟ್ಟಿದ್ದಾರೆ. ಮಗು ಆ ಕಲ್ಲಿನ ಮೇಲೆ ಹತ್ತಿ ಕೂತ.

ಗಂಟು ಕೊಟ್ಟರು. ಒಂದು ಪಂಚೆ, ಬಲೆ ಹೆಣೆಯುವ ಕಡ್ಡಿ, ಮಡಿಸಿದ ಎರಡು ಕಾಗದ. ಎರಡೂ ನನ್ನವು, ಎರಡೂ ಅರ್ಧ. ನನ್ನ ತಪ್ಪು ಬರೆದ ಭಾಗವನ್ನು ಎರಡರಲ್ಲೂ ಕತ್ತರಿಸಿ ಹಾಕಿದ್ದರು. ಮೇಲಿನ ಊರಿನ ಹೆಸರು, ನನ್ನ ಹೆಸರು ಇದ್ದ ಸಾಲು, ಕೆಳಗಿನ ರುಜು, ಅವೂ ಹೋಗಿದ್ದವು. “ಯಾರ್ಗಾದ್ರೂ ಯೋಳಿ ಕಳ್ಸಾವ ಅಂದ್ರೆ ಇದ್ರಲ್ಲಿ ಇಳಾಸನೇ ಇಲ್ಲ ಕಣವ್ವ, ಬರೀ ಕೂಸಿನ ಮೂಗು, ರೊಟ್ಟಿ, ಚಟ್ನಿ” ಅಂದ ಅವನು. ನನ್ನ ಹೆಸರು ಉಳಿಸುವುದಕ್ಕೆ ಕತ್ತರಿಸಿದ್ದರು ಅಪ್ಪ. ಅದಕ್ಕೇ ನಾಲ್ಕು ಮೈಲಿ ದೂರದಲ್ಲಿ ನಾನಿದ್ದೂ ಒಬ್ಬರೂ ನನ್ನನ್ನು ಕರೆಯಲಿಲ್ಲ.

ಗುಡಿ ಹಿಂದಿನ ಕಲ್ಲುಬಾವಿಯಲ್ಲಿ ಮೂರು ಕೊರವ ಇವೆ. ಹಿಂಡಿ ಹಾಕುವ ಹಿಂದಿನ ದಿನ ಅವರು ಕೈಯಲ್ಲಿ ಹಿಡಿದು ಅಲ್ಲಿ ಬಿಟ್ಟರು. ನೀರು ಬಂದ ಮೇಲೆ ಕೆರೆಗೆ ಬಿಡಬೇಕಂತೆ. ನಿಮಗೆ ಹೇಳು ಎಂದು ನನಗೆ ಒಪ್ಪಿಸಿದ್ದರು. ಏಪ್ರಿಲ್ ತಿಂಗಳಲ್ಲಿ ಒಪ್ಪಿಸಿದ್ದರು.

ನೀವು ಗಂಗಮ್ಮನ ಮುಂದೆ ಆಡಿದ ಮಾತು ನನಗೆ ಗೊತ್ತಿದೆ. ಅದನ್ನು ಮುರಿಯಿರಿ ಎಂದು ಕೇಳುವುದಿಲ್ಲ.

ಇಂತಿ,
ಹೊಂಬಾಳಮ್ಮ
ಬೆಸಗರಹಳ್ಳಿ, ಮದ್ದೂರು ತಾಲ್ಲೂಕು


ಪೂರಿಗಾಲಿ
2-11-1975

ಹೊಂಬಾಳಮ್ಮನಿಗೆ.

ಮೂರು ತಿಂಗಳು ಉತ್ತರ ಬರಲಿಲ್ಲ ಎಂದು ನೀನು ಏನೆಲ್ಲ ಅಂದುಕೊಂಡೆಯೋ. ನೀನು ಕೇಳಿದ ಹಾಗೆ ಗುಡಿ ಮುಂದೆ ಓದಿದೆ. ಓದಿ ಮುಗಿದ ಮೇಲೆ ಯಾರೂ ಏಳಲಿಲ್ಲ. ನಿನ್ನ ತಂದೆ ಇನ್ನೊಮ್ಮೆ ಓದಿ ಎಂದರು. ಓದಿದೆ. ಆಮೇಲೆ ಎದ್ದು ಬಾವಿ ಹತ್ತಿರ ಹೋಗಿ ಕತ್ತಲಾಗುವ ತನಕ ಬಗ್ಗಿ ನೋಡುತ್ತಿದ್ದರು. ಅವತ್ತಿನಿಂದ ನಾನು ಕಾಗದ ಬರೆಯೋಣವೇ ಎಂದು ಕೇಳಿದಾಗಲೆಲ್ಲ ಬಲೆ ಎತ್ತಿಕೊಂಡು ಕೆರೆಗೆ ಹೊರಟುಬಿಡುತ್ತಿದ್ದರು. ಇವತ್ತು ಅವರೇ ಶಾಲೆಗೆ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಇನ್ನು ಮುಂದಿನದು ಅವರ ಮಾತು. ನಾನು ತಿದ್ದಿಲ್ಲ.

“ನಾನೂ ನಿಮ್ಮವ್ವನೂ ಆ ವಾರವೇ ಮದ್ದೂರ್ಗೆ ಓಗಿ ಒಳೆ ದಡದಲ್ಲಿ ಕಲ್ಲ ನೋಡ್ಕಬಂದೊ. ನಿನ್ ಮನೆಗೆ ಬರ್ನಿಲ್ಲ. ಬರಕ್ಕೆ ಆಗ್ನಿಲ್ಲ.

“ಕೆರೆಗೆ ನೀರು ಬಂತು. ಬಾವೀಲಿ ಎರಡು ಬದುಕಿದ್ದೊ, ಒಂದು ಇರ್ನಿಲ್ಲ. ಎರಡ್ನೂ ನಾನೇ ಕೈಯಾರೆ ಕೆರೆಗೆ ಬುಟ್ಟೆ. ಸರ್ಕಾರದೋರು ಕಾಟ್ಲ ಮರಿ ತಂದ್ ಬುಟ್ರು. ಜಿಲೇಬಿ ಪೂರ್ತಿ ಓಗಿಲ್ಲ ಕಣವ್ವ. ತೂಬಿನ ಗುಂಡೀಲಿ ಒಂದಷ್ಟು ಉಳ್ಕಂಡಿದ್ದೊ, ಈಗ ತಿರ್ಗ ಕಾಣ್ತವೆ. ಇನ್‌ಸ್ಪೆಟ್ರು ನೋಡಿ, ಒಂದ್ ಸಲ ಒಕ್ಕಿದ್ದು ಪೂರಾ ಓಗಕಿಲ್ಲ ಕರಿಯಯ್ಯ, ದಿನಾ ಇಡೀತಾ ಇರ್ಬೇಕು, ಅದ್ರ ಮರಿ ತಿನ್ನೋ ಕೊರವ ಇದ್ರೆ ಅಂಗೇ ಅದ್ದುಬಸ್ತಲ್ಲಿ ಇರ್ತದೆ, ಎಲ್ಲಾನೂ ಸಾಯಿಸ್ಬುಟ್ಟೊ, ಒಂದೆರಡು ಕೊರವ ಉಳಿಸ್ಕಬೇಕಾಗಿತ್ತು ಅಂದ್ರು. ಉಳಿಸವ್ನೆ ಸ್ವಾಮಿ ಒಬ್ಬ, ಅಂದೆ.

“ಮೊನ್ನೆ ಜೊಂಡಿನ ತಾವ ನೀರ್ ಮೇಲೆ ಕೆಂಪಗೆ ಒಂದ್ ತಟ್ಟೆಯಷ್ಟು ಅಗಲ ಏನೋ ಸರೀತಿತ್ತು. ಕೊರವದ ಮರಿ. ನೂರಾರು. ಕೆಳಗೆ ಗಂಡು ಕೊರವ ಕಾಯ್ತಾ ಅದೆ. ಮರಿ ಜೊತೆಗಿರೋ ಕೊರವನ್ನ ನಮ್ಮೋರು ಇಡಿಯಕಿಲ್ಲ, ನಿಂಗೂ ಗೊತ್ತು. ಮಾದ ಇದ್ದಿದ್ರೆ ತೋರಿಸ್ತಿದ್ದೆ. ಪಕ್ಕಕ್ಕೆ ತಿರುಗ್ದೆ, ಲೇ ಮಾದ ಅಂತ ಅಂದೂಬುಟ್ಟೆ.

“ಬಲೇಲಿ ಅವ್ನ ಪಾಲು ತಿರ್ಗ ಮಡಗಿದ್ದೀವಿ. ಸೋಮವಾರ ಸೋಮವಾರ ಎಲ್ರ ಗುಡ್ಡೆ ಆದ್ಮೇಲೆ ಅವ್ನದೊಂದು ಗುಡ್ಡೆ ಏರಿ ಮೇಲೆ ಆಕ್ತೀವಿ. ತಕ್ಕೊಳ್ಳೋಕೆ ಅವ್ನ ಕಡೆಯೋರು ಯಾರವ್ರೆ. ಕಾಗೆ ತಿಂತವೆ. ನಿನ್ ಮಗನ್ನ ಕರ್ಕಬಂದು ಒಂದ್ ಸಲ ತಕ್ಕೊ.

“ಗಂಗವ್ವನ ಮುಂದೆ ಆಡಿದ್ದು ಆಡಿದ್ದೇ. ನಿನ್ ಕೈ ನೀರು ನಾ ಕುಡಿಯಂಗಿಲ್ಲ. ನನ್ ಕೈ ನೀರು ನೀ ಕುಡೀಬೌದು, ಅದುಕ್ಕೆ ಯಾವ ಆಣೆನೂ ಇಲ್ಲ. ಬಸ್ಸಿಳಿಯೋ ತಾವ ಚೊಂಬು ಇಡ್ಕೊಂಡು ನಿಂತಿರ್ತೀನಿ.

“ಬರುವಾಗ ಕೈಲಿ ಏನೂ ತರ್ಬ್ಯಾಡ.”

ಇಂತಿ,
ಕರಿಯಯ್ಯನವರ ಹೆಬ್ಬೆಟ್ಟು
ಬರೆದವರು ಕಸ್ತೂರಿರಂಗ